ತಲೆ ಕಡೆಯ ಹಲಗೆ

ಅಷ್ಟು ಸಾಕು ಕಣೇ ಬ್ರಿನ್ಯಾ, ಆ ತೊಟ್ಟಿಲಿನ ತಲೆ ಕಡೆಯ ಹಲಗೆ ಬಿಟ್ಬಿಡು! ಮೂರು ಕಡೆ ಕೆರೆದಾಯ್ತಲ್ಲ... ಅಜ್ಜಿ ಮಾತು ಸ್ವಲ್ಪ ಕೇಳೇ. ಇವತ್ತೋ ನಾಳೆಯೋ ಅನ್ನೋ ಹೊಟ್ಟೆ ಹೊತ್ಕೊಂಡು ನೆಲದ ಮೇಲೆ ಕೂತು ಬಣ್ಣ ಕೆರೀತಾಳಂತೆ! ಹೊಸ ಮನೆಗೆ ಬೇರೆ ತೊಟ್ಟಿಲೇ ಸಿಗಲಿಲ್ವೇ ನಿಂಗೆ? ಆ ಹಳೇ ಸಾಮಾನಿನ ಅಂಗಡೀಲಿ ಒಂದು ಕುರ್ಚಿ ಇರ್ಲಿಲ್ವೇ, ಒಂದು ಮೇಜು?

ಕೊಡು, ಆ ಉಜ್ಜೋ ಕಾಗದ ಇಲ್ಲಿ ಕೊಡು. ನಾನೇ ಮಾಡ್ತೀನಿ, ನೀನು ಹೋಗಿ ಕಾಫಿ ಇಡು. ಹ್ಞಾಂ? ಬೇಡ್ವೇ? ಸರಿ... ಬಿಳಿ ಬಣ್ಣ ಗಟ್ಟಿಯಾಗೇ ಇದೆಯಲ್ಲ ಅಲ್ಲಿ. ಬಿಳಿ ಮೇಲೆ ಬಿಳಿ ಬಳಿದ್ರೆ ಮುಗೀತು. ಒಳಗೇನಿದೆ ಮಹಾ, ದಡಕ್ಕೆ ತೇಲಿ ಬಂದ ಮರ. ನಮ್ಮ ಐಸ್‌ಲ್ಯಾಂಡಲ್ಲಿ ಸಮುದ್ರ ತಂದು ಎಸೆದಿದ್ದೇ ಮರ. ಕೆರೆದ್ರೆ ಉಪ್ಪು ಬಂದೀತು, ಬಂಗಾರ ಬರುತ್ತಾ?

ಏ, ತೂಗಬೇಡ! ಎಡಗಾಲು ಕುಂಟು ಅದಕ್ಕೆ, ವಾಲುತ್ತೆ... ನೋಡು, ವಾಲ್ತು. ಯಾಕೆ ಹಾಗೆ ನೋಡ್ತೀಯಾ? ನಂಗೆ ಹೇಗೆ ಗೊತ್ತು ಅಂದ್ರೆ... ಹಳೇ ತೊಟ್ಟಿಲೆಲ್ಲ ಕುಂಟೇ ಕಣೇ! ನನ್ನ ಹಾಗೆ.

ಅದಿರ್ಲಿ. ಮಗು ಹೆಸರಿನ ಜೊತೆ ಅಪ್ಪನ ಹೆಸರಲ್ಲ, ನಿನ್ನ ಹೆಸರೇ ಸೇರಿಸ್ತೀಯಂತೆ? ನಿಮ್ಮಮ್ಮ ಹೇಳಿದ್ಳು. ನಗು, ನಗು! ನಿಮ್ಮ ಕಾಲಕ್ಕೆ ಅದು ಸೊಗಸು. ನಮ್ಮ ಕಾಲದಲ್ಲಿ ಮಗು ಅಮ್ಮನ ಹೆಸರು ಹೊತ್ಕೊಂಡ್ರೆ, ಅಪ್ಪ ಅಂತ ಯಾರೂ ಮುಂದೆ ಬರ್ಲಿಲ್ಲ ಅಂತ ಊರಿಗೆಲ್ಲ ಡಂಗುರ. ಚರ್ಚಿನಲ್ಲಿ ಪಾದ್ರಿ ಆ ಹೆಸರು ಓದಿದ್ರೆ ಸಾಕು, ಒಂದೊಂದು ಬೆಂಚಿಗೂ ಕೆಮ್ಮು ಬರೋದು...

ಬ್ರಿನ್ಯಾ, ಬೇಡ. ಕೈ ತೆಗಿ. ನಿನ್ನ ದಮ್ಮಯ್ಯ ಕಣೇ! ಅದು ಬರೀ ನೀಲಿ ಕಲೆ, ಅಕ್ಷರ ಅಲ್ಲ. ನಮ್ಮಪ್ಪ ದೋಣಿಗೆ ಬಳಿದು ಮಿಕ್ಕಿದ್ದ ಬಣ್ಣ... ಅಯ್ಯೋ, ನನ್ನ ನಾಲಿಗೆ ಸುಡ!

ಓದ್ಬೇಡ... ಓದಿಬಿಟ್ಯಾ?

ಬೈಯೋದಾದ್ರೆ ಬೈ. ಹೌದು, ಸಿಗ್ನೀ ಯೋರುನ್ನರ್‌ದೋಟಿರ್. ಯೋರುನ್ನಳ ಮಗಳು ಸಿಗ್ನೀ. ಆಗ ಊರಲ್ಲಿ ಯೋರುನ್ ಅನ್ನೋರು ಎಷ್ಟೋ ಜನ ಇದ್ರು... ಇಲ್ಲ. ಹಾಗೆ ನೋಡ್ಬೇಡ್ವೇ. ಈ ನಿನ್ನ ಯೋರುನ್ ಅಜ್ಜೀನೇ. ನಿಮ್ಮಮ್ಮ ಹುಟ್ಟೋಕೆ ಆರು ವರ್ಷ ಮುಂಚೆ. ನಾಮಕರಣದ ದಿನ ಬರೆದೋಳೂ ನಾನೇ, ಹನ್ನೊಂದು ವಾರ ಕಳೆದ ಮೇಲೆ ಅದರ ಮೇಲೆ ಬಿಳಿ ಬಳಿದೋಳೂ ನಾನೇ. ನಮ್ಮಪ್ಪ ದೋಣಿ ಹತ್ರ ಕಾಯ್ತಾ ನಿಂತಿದ್ರು. ಪಕ್ಕದ ಕೊಲ್ಲಿಯ ಮನೆಯೋರಿಗೆ ಮಗು ಬೇಕಿತ್ತು, ಆ ಹೆಸರು ಬೇಡವಾಗಿತ್ತು. ತೊಟ್ಟಿಲ ಸಮೇತ ಹೋಯ್ತು ಕೂಸು. ಬಣ್ಣ ಇನ್ನೂ ಹಸಿ ಇತ್ತು...

ಏ! ಉಜ್ಜೋ ಕಾಗದ ಯಾಕೆ ಎತ್ಕೊಂಡೆ? ಉಜ್ಜಬೇಡ! ಅವಳದು ಅಂತ ನಂಗೆ ಬೇರೇನೂ ಉಳಿದಿಲ್ಲ ಕಣೇ, ಅಷ್ಟು ಅಕ್ಷರ ಬಿಟ್ರೆ...

ಬ್ರಿನ್ಯಾ, ಇದನ್ನ ಅಂಗಡಿಗೆ ಕೊಟ್ಟೋರು ಯಾರು ಅಂತ ಕೇಳಿದ್ಯಾ? ಹೆಂಗಸಾ? ವಯಸ್ಸಾದೋಳಾ? ಅವಳೇ ತಂದುಕೊಟ್ಳಾ? ಇಲ್ಲಾ... ಅವಳು ಹೋದ್ಮೇಲೆ ಮನೆ ಖಾಲಿ ಮಾಡೋಕೆ ಬಂದೋರು ತಂದ್ರಾ?



ಯಾಕೆ ತಲೆ ತಗ್ಗಿಸ್ದೆ?