ಕಿವಿಯಲ್ಲಿ ಹೇಳಿದ್ದು

ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಬಟ್ಟೆ ಅಂಗಡಿ, ಮೂರಂತಸ್ತಿನ ಮನೆ, ಎಲ್ಲ ಇತ್ತು ಅಂತ ಇಟ್ಟುಕೊಳ್ಳಿ. ಆದರೆ ಅವನು ನಿಜವಾಗಿ ಶ್ರೀಮಂತನಾಗುತ್ತಿದ್ದದ್ದು ಸಂಜೆ ಆರು ಗಂಟೆಗೆ. ಚಪ್ಪಲಿ ಬಿಡುವಷ್ಟರಲ್ಲಿ ಆರು ವರ್ಷದ ಮಗಳು ಓಡಿಬಂದು ಕುತ್ತಿಗೆಗೆ ಜೋತುಬೀಳುತ್ತಿದ್ದಳು. ಕಿವಿಗೆ ಬಾಯಿಟ್ಟು, "ಅಪ್ಪಾ, ಯಾರ್ಗೂ ಹೇಳ್ಬೇಡ" ಅಂತ ಒಂದು ಗುಟ್ಟು ಹೇಳುತ್ತಿದ್ದಳು. ಏನು ಮಹಾ ಗುಟ್ಟು? ಹಲ್ಲು ಅಲ್ಲಾಡುತ್ತಿದೆ. ಮಲ್ಲಿಗೆ ಗಿಡದ ಬುಡದಲ್ಲಿ ಒಂದು ಬಸವನಹುಳು ಇದೆ, ಅದಕ್ಕೆ ಅವಳಿಟ್ಟ ಹೆಸರು ಕಡ್ಲೆಪುರಿ.

ಅಪ್ಪ ಏನು ಮಾಡಿದ? ಎಲ್ಲವನ್ನೂ ಫೋನಿನಲ್ಲಿ ಹಾಕಿದ. ದುಷ್ಟನಲ್ಲ, ನೋಡಿ. ಪ್ರೀತಿ ತಡೆಯಲಾರದೆ ಹಾಕಿದ. ಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಡುವುದು, ಫೋಟೊ ತೆಗೆಯುವುದು, ನಾಲ್ಕು ಸಾವಿರ ಜನಕ್ಕೆ ತೋರಿಸುವುದು! ಶಾಲೆಯ ಹೆಸರು, ಹತ್ತುವ ಆಟೋ, ಕಡ್ಲೆಪುರಿ, ಒಂದನ್ನೂ ಬಿಡಲಿಲ್ಲ. ನಗುತ್ತೀರಲ್ಲ, ನಿಮ್ಮ ಫೋನು ಸ್ವಲ್ಪ ಕೊಡಿ, ನೋಡೋಣ.

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಯಾರೋ ಅಪರಿಚಿತ ಗೇಟಿಗೆ ಬಂದ. "ಪುಟ್ಟಾ, ಅಪ್ಪ ಕಳ್ಸಿದ್ರು. ಬೇಗ ಬಾ, ಕಡ್ಲೆಪುರಿ ಮರಿ ಹಾಕಿದೆ" ಅಂದ. ಮಗು ಅವನ ಕೈ ಹಿಡಿಯಿತು. ಯಾಕೆ ಹಿಡಿಯಬಾರದು? ಆ ಹೆಸರು ಅಪ್ಪನಿಗೆ ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ ಅಂತ ಅದು ನಂಬಿತ್ತು.

ಶಾಲೆಯ ಆಯಾ ಗಟ್ಟಿಗಿತ್ತಿ. "ಯಾರಪ್ಪಾ ನೀನು? ತಡಿ, ಅವರಪ್ಪಂಗೆ ಫೋನ್ ಮಾಡ್ತೀನಿ" ಅಂತ ಅಡ್ಡ ನಿಂತಳು. ಅವನು ಕೈಬಿಟ್ಟು ಓಡಿಹೋದ.

ಅಪ್ಪ ಬಿದ್ದು ಎದ್ದು ಬಂದು ಮಗಳನ್ನು ತಬ್ಬಿಕೊಂಡ. ಅವಳು ಅಳಲಿಲ್ಲ. "ಅಪ್ಪಾ, ಕಡ್ಲೆಪುರಿ ವಿಷ್ಯ ಆ ಮಾಮಂಗೆ ಯಾರ್ ಹೇಳಿದ್ರು?" ಅಂತ ಕೇಳಿದಳು. ಅಪ್ಪ ತನ್ನ ಕೈಯಲ್ಲಿದ್ದ ಫೋನು ನೋಡಿದ, ಮಗಳೂ ಅದನ್ನೇ ನೋಡಿದಳು.

ಅವತ್ತೇ ಎಲ್ಲ ಅಳಿಸಿದ. ಅಳಿಸುವ ಮುಂಚೆ ಯಾರ್ಯಾರು ತೆಗೆದಿಟ್ಟುಕೊಂಡರೋ, ಯಾರಿಗೆ ಗೊತ್ತು? ಮರುದಿನದಿಂದ ಸಂಜೆ ಆರಕ್ಕೆ ಬಂದು, ಬಾಗಿಲಲ್ಲೇ ಮಂಡಿಯೂರಿ ಮಗಳ ಎತ್ತರಕ್ಕೆ ಕಿವಿ ಕೊಟ್ಟು ಕೂರುತ್ತಿದ್ದ. ಮಗಳು ನೀರು ತಂದುಕೊಡುತ್ತಿದ್ದಳು, ನಗುತ್ತಿದ್ದಳು. ಗುಟ್ಟು ಮಾತ್ರ ಹೇಳಲಿಲ್ಲ. ವರ್ಷ ಹತ್ತಾಯಿತು. ಮೊನ್ನೆ ಅವಳು ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬಂದಳು.

"ಏನಾಯ್ತು ಮಗಳೇ? ನನ್ಹತ್ರ ಹೇಳ್ಬಾರ್ದಾ?"

"ಏನಿಲ್ಲಪ್ಪ" ಅಂದು ಬಾಗಿಲು ಹಾಕಿಕೊಂಡಳು.

ಅವನು ಹೊರಗೆ ನಿಂತೇ ಇದ್ದ. ಒಂದು ಸಲ, ಒಂದೇ ಒಂದು ಸಲ ಆ ಬಿಸಿಯುಸಿರು ಕಿವಿಗೆ ತಾಗಿದರೆ ಅಂಗಡಿಯನ್ನೇ ಬರೆದುಕೊಟ್ಟೇನು ಅಂತ ಹಂಬಲಿಸಿದ. ಯಾರಿಗೆ ಬರೆದುಕೊಡುತ್ತಾನೆ?

ತಾಯಂದಿರೇ, ಅಪ್ಪಂದಿರೇ, ಇದು ಸಾಹುಕಾರನೊಬ್ಬನ ಕಥೆಯೇ? ಮನೆಗೆ ಹೋದವರು ಮೊದಲು ಮಗುವಿನ ಶಾಲೆಯ ಹೆಸರು, ಹೋಗಿಬರುವ ದಾರಿ ಎಲ್ಲೆಲ್ಲಿ ಹಾಕಿದ್ದೀರೋ ತೆಗೆದುಹಾಕಿ. ಫೋಟೊ ಹಾಕಲೇಬೇಕೆನಿಸಿದರೆ ಮಗುವನ್ನು ಕೇಳಿ. ಬೇಡ ಅಂದರೆ ಬೇಡ. ಇನ್ನು ನಿಮ್ಮ ಮಗು ಇವತ್ತೂ ಓಡಿಬಂದು ಕಿವಿಗೆ ಬಾಯಿಡುತ್ತದೆಯೇ? ಹಾಗಾದರೆ ನೀವು ಪುಣ್ಯವಂತರು. ಕೈಯಲ್ಲಿರುವುದನ್ನು ಕೆಳಗಿಡಿ. ಬಗ್ಗಿ ಕೇಳಿ. ಕೇಳಿ, ಸುಮ್ಮನಿರಿ.