ಒಂದು ಮಿಲಿಮೀಟರ್

ಡಾಕ್ಟರ ಕೋಣೆಯ ಹೊರಗೆ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ತಂಗಿಯ ಮಡಿಲಲ್ಲಿ ಎರಡು ಸ್ಕ್ಯಾನ್ ವರದಿಗಳಿದ್ದವು.

"ಹೋದ ಸಲ ಗಂಟು ಹನ್ನೊಂದು ಮಿಲಿಮೀಟರ್ ಇತ್ತು. ಈಗ ಹನ್ನೆರಡು. ಬೆಳೀತಿದೆ ಅಕ್ಕ."

"ಹಾಗೆ ಹೇಳೋಕಾಗಲ್ಲ ಕಣೇ. ಇಂಥ ಅಳತೆಯಲ್ಲಿ ಒಂದು ಮಿಲಿಮೀಟರ್ ಆಚೀಚೆ ಆಗೋದು ಇದ್ದದ್ದೇ. ಗಂಟು ಇದ್ದಷ್ಟೇ ಇರಬಹುದು."

"ನೀನು ಕಾಲೇಜಿನ ಲ್ಯಾಬಲ್ಲಿ ಅಳೆಸೋದು ತಂತಿ. ಇದು ನನ್ನ ಕುತ್ತಿಗೆ."

"ಒಂದೇ ತಂತಿನ ಹತ್ತು ಮಕ್ಕಳು ಅಳೆದ್ರೆ ಹತ್ತು ಉತ್ತರ ಬರುತ್ತೆ. ಯಾರೂ ತಪ್ಪು ಮಾಡಿರಲ್ಲ. ನಿಂದೂ ಅಷ್ಟೇ, ಹೋದ ಸಲ ಅಳೆದವರು ಬೇರೆ, ಈ ಸಲದವರು ಬೇರೆ."

ತಂಗಿ ಎರಡೂ ವರದಿಗಳನ್ನು ಪಕ್ಕಪಕ್ಕ ಹಿಡಿದು ನೋಡಿದಳು.

"ಆಚೀಚೆ ಅಂದ್ಯಲ್ಲ. ಹಾಗಾದ್ರೆ ಆಗ ಇದ್ದಿದ್ದು ಹತ್ತು, ಈಗ ಹದಿಮೂರು ಅಂತಲೂ ಇರಬಹುದಲ್ವಾ?"

ಅಕ್ಕ ಬಾಗಿ ವರದಿಗಳ ಕಡೆ ನೋಡಿದಳು.

"ನಿನ್ನ ಲ್ಯಾಬ್ ಮಕ್ಕಳು ಕೇಳಿದ್ರೆ ಏನು ಹೇಳ್ತಿದ್ದೆ?"

"ಇರಬಹುದು ಅಂತಿದ್ದೆ." ಅಕ್ಕನ ದನಿ ಇಳಿದಿತ್ತು. "ನಿನಗೆ ಧೈರ್ಯ ಬರಲಿ ಅಂತ ಒಂದು ಕಡೆಯದು ಮಾತ್ರ ಹೇಳ್ದೆ."

"ಈಗೇನು ಮಾಡೋದು?"

"ಎರಡೂ ಸ್ಕ್ಯಾನ್ ಚಿತ್ರಗಳನ್ನ ಒಬ್ಬರೇ ಕೂತು ಮತ್ತೆ ಅಳೀಲಿ ಅಂತ ಕೇಳ್ತೀನಿ."

"ಡಾಕ್ಟ್ರು ಬೈದ್ರೆ?"

"ಬೈಸಿಕೊಳ್ತೀನಿ."

ನರ್ಸ್ ಬಂದು ಅವರನ್ನು ಒಳಗೆ ಕರೆದರು. ತಂಗಿ ಎದ್ದು ವರದಿಗಳನ್ನು ಅಕ್ಕನ ಕೈಗಿತ್ತಳು.

"ಬಾ, ನೀನೇ ಕೇಳು. ಅಳತೆ ಏನೇ ಬರಲಿ, ನನಗೆ ಪೂರ್ತಿ ಹೇಳು."

"ಹೇಳ್ತೀನಿ ಕಣೇ," ಎಂದು ಅಕ್ಕ ಅವಳ ತೋಳು ಹಿಡಿದಳು. ಇಬ್ಬರೂ ಒಳಗೆ ಹೋದರು.