ಹದಿನೇಳನೇ ನಂಬರಿನ ಅಪ್ಪ

...ಇಲ್ಲ ತಾಯಿ, ಮೂರು ಸಲ ನೋಡಿದೆ. ನೀವು ಹೇಳಿದ್ರಿ ಅಂತ ಮೂರನೇ ಸಲ ಬೆರಳಿಟ್ಟು ನೋಡಿದೆ. ಹತ್ತನೇ ತರಗತಿ, ಬಿ ವಿಭಾಗ. ಹದಿನಾರು ಇದೆ, ಹದಿನೆಂಟು ಇದೆ. ಹದಿನೇಳರದ್ದು ಅಂಕಪಟ್ಟಿ ಬಂದೇ ಇಲ್ಲ. ಬರಬೇಕಾದ್ರೆ ಮಗು ಪರೀಕ್ಷೆ ಬರೆದಿರಬೇಕಲ್ವಾ? ...ಯಾಕೆ ನಗ್ತೀರಿ? ನಗೋ ವಿಷಯ ಅಲ್ಲಮ್ಮ ಇದು. ...ಏನು? ಬರೆದಿದ್ದಾಳೆ ಅಂತ ಯಾರು ಹೇಳಿದ್ರು ನಿಮಗೆ? ಅವಳೇನಾ?

ಕೂತ್ಕೊಳ್ಳಿ. ಮೊದಲು ಕೂತ್ಕೊಳ್ಳಿ. ನಿಂತ್ಕೊಂಡು ಕೇಳೋ ಮಾತಲ್ಲ. ಆ ಪ್ಲಾಸ್ಟಿಕ್ ಕವರು ಮೇಜಿನ ಮೇಲಿಡಿ, ಪರವಾಗಿಲ್ಲ. ಏನಿದೆ ಅದರಲ್ಲಿ? ...ಖಾಲೀನಾ? ...ಓ. ಅಂಕಪಟ್ಟಿ ಮಡಚಬಾರದು ಅಂತ ತಂದಿದ್ದೀರಾ. ಒಳ್ಳೇದು, ಒಳ್ಳೇದು... ಬಹಳ ಜನ ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕ್ತಾರೆ.

ನೋಡಿ, ಸುತ್ತಿ ಬಳಸಿ ಹೇಳೋದು ನನಗೆ ಬರಲ್ಲ. ನಿಮ್ಮ ಮಗಳು ನಮ್ಮ ಶಾಲೆ ಬಿಟ್ಟು ನಾಲ್ಕು ತಿಂಗಳಾಯ್ತು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ. ಸ್ವಂತ ಇಚ್ಛೆಯಿಂದ. ನಾವು ಕಳಿಸಿದ್ದಲ್ಲ, ಹಾಗೆಲ್ಲ ತಿಳ್ಕೋಬೇಡಿ... ನಾವು ಯಾರನ್ನೂ ಕಳಿಸಲ್ಲ. ಮನೆಯವರು ಪತ್ರ ಕೊಟ್ರು, ಹೆಸರು ತೆಗೆದ್ವಿ. ಅಷ್ಟೇ.

...ದಿನಾ ಬರ್ತಿದ್ಲಾ? ಹೋದ ತಿಂಗಳವರೆಗೂ? ನೀವೇ ಯೂನಿಫಾರಂ ಇಸ್ತ್ರಿ ಮಾಡಿ ಕಳಿಸ್ತಿದ್ರಾ? ...ಹೌದೌದು, ನಿಮ್ಮ ಕೆಲಸಾನೇ ಅದಲ್ವಾ, ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ. ನೆನಪಿದೆ ನನಗೆ. ಅವಳ ಲಂಗದ ಮಡಿಕೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿರ್ತಿತ್ತು. ಛೆ... ದಿನಾ ಬರ್ತಿದ್ಲಾ! ನಮಗೇನು ಗೊತ್ತು ಹೇಳಿ? ಗೇಟಿನ ಒಳಗೆ ಬಂದ್ರೆ ತಾನೆ ಗೊತ್ತಾಗೋದು? ಈ ಕಾಲದ ಮಕ್ಕಳು ಅಮ್ಮಾ, ಅಂಗೈಯಲ್ಲಿ ಅರಮನೆ ತೋರಿಸ್ತಾರೆ.

ಪತ್ರ ತಾನೆ? ಇದೆ. ನಮ್ಮಲ್ಲಿ ಒಂದು ಹಾಳೆ ಕಳೆಯಲ್ಲ. ಹುಡುಗರು ನನಗೆ 'ಪಟ್ಟಿ ಮೇಷ್ಟ್ರು' ಅಂತ ಹೆಸರಿಟ್ಟಿದಾರೆ, ಹಿಂದೆ ಆಡ್ಕೊಳ್ಳೋದು ನನಗೇನು ಕೇಳಿಸಲ್ವಾ! ಉಪಮುಖ್ಯೋಪಾಧ್ಯಾಯ ಅಂತ ಬಾಗಿಲ ಮೇಲೆ ಬರೆದಿದೆ, ಯಾರು ಓದ್ತಾರೆ ಅದನ್ನ... ಹಾಂ, ಇಲ್ಲಿದೆ. ನೋಡಿ. "ಮನೆಯ ಪರಿಸ್ಥಿತಿಯಿಂದಾಗಿ ನನ್ನ ಮಗಳನ್ನು ಶಾಲೆ ಬಿಡಿಸುತ್ತಿದ್ದೇನೆ. ಇದಕ್ಕೆ ಶಾಲೆ ಹೊಣೆಯಲ್ಲ." ಕೆಳಗೆ ಸಹಿ. ತಂದೆಯ ಸಹಿ.

ಹೌದಮ್ಮ, ನಿಮ್ಮ ಯಜಮಾನ್ರೇ. ಅವರೇ ಬಂದಿದ್ರು. ಯಾರ ಕೈಲೂ ಕಳಿಸ್ಲಿಲ್ಲ, ಖುದ್ದಾಗಿ ಬಂದು, ಈಗ ನೀವು ಕೂತಿರೋ ಕುರ್ಚೀಲೇ ಕೂತು...

ಯಾಕೆ ಎದ್ದುಬಿಟ್ರಿ?

ಕೂತ್ಕೊಳ್ಳಿ ಅಮ್ಮ. ಏನಾಯ್ತು? ...ಓಹೋ. ಮನೇಲಿ ಹೇಳಿಲ್ಲ ಅಲ್ವಾ ಅವರು? ಗಂಡಸರ ಜಾತೀನೇ ಹೀಗೆ ಬಿಡಿ. ನಾನೂ ಅಷ್ಟೇ, ನನ್ನ ಹೆಂಡತೀನ ಕೇಳಿ... ಮನೇಲಿ ಹೋಗಿ ಜಗಳ ಆಡಬೇಡಿ ಪಾಪ. ಒಳ್ಳೆ ಮನುಷ್ಯ. ನಾನೇ ಎಷ್ಟು ಹೇಳಿದೆ, "ಇನ್ನು ಮೂರೇ ತಿಂಗಳು ಸ್ವಾಮಿ, ಓದಲಿ" ಅಂತ. ತಲೆ ತಗ್ಗಿಸಿ ಕೂತಿದ್ರು. ಒಂದು ಲೋಟ ನೀರು ಕೇಳಿದ್ರು. ಬಲಗೈ ಬೆರಳಿಗೆ ಗಾಯ ಆಗಿತ್ತು, ಬಟ್ಟೆ ಸುತ್ತಿದ್ರು, ಅದಕ್ಕೇ ಸಹಿ ಸ್ವಲ್ಪ ಸೊಟ್ಟ. ನೋಡಿ, ಇಲ್ಲಿ, ಕೊನೇ ಅಕ್ಷರ ಎಳೆದಿದೆ...

ಏನಾದ್ರೂ ಮಾತಾಡಿ.

ಬೈಯೋದಿದ್ರೆ ಬೈದುಬಿಡಿ, ಅಳೋದಿದ್ರೆ ಅತ್ತುಬಿಡಿ. ಹೀಗೆ ಆ ಖಾಲಿ ಕುರ್ಚೀನೇ ನೋಡ್ತಾ ನಿಂತ್ರೆ ನಾನೇನು ಅಂತ ತಿಳ್ಕೊಳ್ಳಲಿ? ಅಲ್ಲಿ ಯಾರಿದ್ದಾರೆ ನೋಡೋಕೆ? ...ಯಾರೂ ಇಲ್ಲ ತಾನೆ? ...ಸರಿ, ಸರಿ. ಸುಮ್ನೆ ಕೇಳಿದೆ.

ಇಲ್ನೋಡಿ, ಈ ಪುಸ್ತಕ ನೋಡಿ. ನಿನ್ನೆ ತಾನೆ ಅಚ್ಚಾಗಿ ಬಂತು, ಇನ್ನೂ ಶಾಯಿ ವಾಸನೆ ಹೋಗಿಲ್ಲ. ನಮ್ಮ ಶಾಲೆಯ ವರ್ಷದ ಸಾಧನೆ, ಮಕ್ಕಳ ವಿವರ, ಎಲ್ಲಾ. ಇನ್ನೂರ ಹದಿನಾಲ್ಕು ಮಕ್ಕಳು ಪರೀಕ್ಷೆ ಬರೆದ್ರು, ಇನ್ನೂರ ಹದಿನಾಲ್ಕೂ ಪಾಸು! ಊರಲ್ಲಿ ಬೇರೆ ಯಾವ ಶಾಲೆಗಿದೆ ಹೇಳಿ? ಗೇಟಿನ ಮೇಲೆ ಬೋರ್ಡ್ ನೋಡಿದ್ರಲ್ಲ. ದೊಡ್ಡ ಮೇಡಂ ನನ್ನ ಕೈ ಹಿಡಿದು, "ಇದು ನಿಮ್ಮದು ಮೇಷ್ಟ್ರೆ" ಅಂದ್ರು. ನನ್ನದು! ಮನೆಗೆ ಹೋಗಿ ಊಟ ಸೇರ್ಲಿಲ್ಲ ನನಗೆ... ಸಂತೋಷಕ್ಕೆ. ಸಂತೋಷಕ್ಕಮ್ಮ.

ಬರೀ ಅಂಕ ಅಂದ್ಕೋಬೇಡಿ. ಒಂದೊಂದು ಮಗೂನೂ ನನಗೆ ಗೊತ್ತು. ಯಾರು ನಡೆದು ಬರ್ತಾರೆ, ಯಾರು ಎರಡು ಬಸ್ ಹತ್ತಿ ಬರ್ತಾರೆ, ಯಾರ ಮನೇಲಿ ಇವರೇ ಮೊದಲ ಸಲ ಹೈಸ್ಕೂಲ್ ಮೆಟ್ಟಿಲು ಹತ್ತಿದ್ದು, ಎಲ್ಲಾ. ನಿಮ್ಮ ಮಗಳನ್ನೇ ತಗೊಳ್ಳಿ. ಪೆನ್ಸಿಲ್! ಹಾಗಂತಲೇ ಕರೀತಿದ್ರು ತರಗತೀಲಿ. ಸಣ್ಣಗೆ, ಉದ್ದಕ್ಕೆ. ಪೆನ್ನಲ್ಲಿ ಬರೆಯಲ್ಲ ಅಂತ ಹಟ. ತಪ್ಪಾದ್ರೆ ಅಳಿಸೋಕೆ ಆಗಲ್ಲ ಸಾರ್, ಅಂತಿದ್ಲು. ಗಣಿತ ಒಂದು ಬರ್ತಿರಲಿಲ್ಲ, ಗಣಿತ ಒಂದೇ. ಅರ್ಧವಾರ್ಷಿಕದಲ್ಲಿ ಹನ್ನೊಂದು ಅಂಕ. ಹೇಗೂ ದಾಟ್ತಿದ್ಲೋ ಏನೋ, ಕೂತು ಹೇಳಿಕೊಟ್ಟಿದ್ರೆ... ಮಿಕ್ಕಿದ್ದರಲ್ಲಿ ಚೆನ್ನಾಗಿದ್ಲು. ಆಮೇಲೂ ಪಾಪ ಪುಸ್ತಕ ಬಿಟ್ಟಿರಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಹಳದಿ ಊಟದ ಡಬ್ಬಿ ತೊಡೆ ಮೇಲಿಟ್ಕೊಂಡು, ಅದರ ಮೇಲೆ ನೋಟ್ ಪುಸ್ತಕ ಇಟ್ಟು...

...

ಹಳದಿ ಡಬ್ಬಿ. ಹೌದು. ಅದು... ನೀವು ಹೇಳಿದ್ರಲ್ಲ ಆಗಲೇ. ಹೇಳ್ಲಿಲ್ವಾ? ಹೇಳಿದ್ರಿ ಅನ್ಸುತ್ತೆ.

ಸರಿ. ನೋಡಿದೀನಿ. ಒಂದೆರಡು ಸಲ. ಈ ಕಿಟಕಿಯಿಂದ ಎದುರಿನ ನಿಲ್ದಾಣ ಕಾಣುತ್ತೆ, ಏನು ಮಾಡ್ಲಿ? ಕಣ್ಣು ಕಿತ್ತಿಡೋಕಾಗುತ್ತಾ? ...ದಿನಾ ಅಮ್ಮ. ದಿನಾ ಇರ್ತಿದ್ಲು. ಎಂಟೂವರೆಗೆ ಬಂದು ಕೂತ್ರೆ ಕೊನೇ ಗಂಟೆ ಹೊಡೆಯೋವರೆಗೂ. ಪ್ರಾರ್ಥನೆ ಆಗುವಾಗ ಎದ್ದು ನಿಲ್ತಿದ್ಲು, ಅಲ್ಲೇ, ಬಸ್ಸಿಗೆ ಕಾಯೋ ಜನರ ಮಧ್ಯೆ, ಒಬ್ಬಳೇ. ನಾನು ಪರದೆ ಹಾಕಿಸಿದೆ. ಹಾಕಿಸಿದ್ಮೇಲೆ ಇನ್ನೂ ಚೆನ್ನಾಗಿ ಕಾಣೋಕೆ ಶುರುವಾಯ್ತು.

ಹಾಜರಿ ಕರೆಯುವಾಗ ನಾನು ಹದಿನೇಳು ಅಂದುಬಿಡ್ತಿದ್ದೆ. ಅಭ್ಯಾಸಬಲ. "ಬಂದಿದೀನಿ ಸಾರ್" ಅಂತ ಕೇಳ್ತಿತ್ತು. ಯಾರ್ರೋ ಅಂದಿದ್ದು ಅಂತ ಬೈದ್ರೆ ಮಕ್ಕಳು ಮುಖಮುಖ ನೋಡ್ಕೊಳ್ತಿದ್ರು. ಯಾರೂ ಅಂದಿರ್ತಿರಲಿಲ್ಲ. ನನಗೆ ಕೇಳ್ತಿತ್ತು, ಅಷ್ಟೇ. ನಿಮಗೆ ಇದೆಲ್ಲ ಯಾಕೆ ಹೇಳ್ತಿದೀನಿ... ಡಾಕ್ಟರ್ ಹತ್ರ ಹೋಗಿದ್ದೆ, ನಿದ್ದೆ ಸಾಲದು ಅಂದ್ರು.

ಬಿಡಿ. ಪುಸ್ತಕ ನೋಡ್ತಿದ್ವಿ ಅಲ್ವಾ. ಇಲ್ಲಿ, ಮಕ್ಕಳ ಮನೆಯ ವಿವರ ಅಂತ ಒಂದು ಪುಟಾನೇ ಇದೆ. ಯಾವ ಶಾಲೆ ಇಷ್ಟು ಕಾಳಜಿ ತಗೊಳ್ಳುತ್ತೆ? ನಾನೇ ಜೂನ್‌ನಲ್ಲಿ ಒಂದೊಂದು ಮಗೂನೂ ಕರೆದು ಕೇಳಿ ಬರ್ಕೊಂಡಿದ್ದು. ಒಡಹುಟ್ಟಿದವರು ಇದೇ ಶಾಲೇಲಿರೋರು, ತೊಂಬತ್ತು. ಕನ್ನಡಕ ಬೇಕಾದೋರು, ನಲವತ್ತೆರಡು. ತಂದೆ ತೀರಿಕೊಂಡಿರೋ ಮಕ್ಕಳು, ಹತ್ತೊಂಬತ್ತು. ಅವರನ್ನ ವಿಶೇಷವಾಗಿ ನೋಡ್ಕೋಬೇಕು ಅಂತ ನಂಬರ್ ಸಮೇತ ಬರೆದಿದೀನಿ ನೋಡಿ, ಎಂಟು ಎ ನಾಲ್ಕು, ಎಂಟು ಸಿ ಮೂವತ್ತು, ಒಂಬತ್ತು ಎ ಹನ್ನೆರಡು, ಹತ್ತು ಬಿ...

ಹತ್ತು ಬಿ...

...ನೀರು ಕುಡೀತೀರಾ? ನಾನು ಕುಡೀತೀನಿ.

ಯಾವಾಗ ಅಮ್ಮ? ...ಐದು ವರ್ಷ. ಐದು ವರ್ಷದ ಹಿಂದೆ.

ಮತ್ತೆ ನಾನು ಇಷ್ಟು ಹೊತ್ತಿಂದ ಬಾಯಿಗೆ ಬಂದಿದ್ದು ಹೇಳ್ತಿದ್ರೆ ನೀವು ಒಂದು ಮಾತು, ಒಂದೇ ಒಂದು ಮಾತು, "ಸಾರ್, ಅವರು ಇಲ್ಲ" ಅಂತ ಅನ್ನಬಾರದಾಗಿತ್ತಾ? ಆ ಮನುಷ್ಯನಿಗೆ ನೀರು ಕುಡಿಸಿದೆ, ಬೆರಳಿಗೆ ಬಟ್ಟೆ ಕಟ್ಟಿದೆ, ತಲೆ ತಗ್ಗಿಸಿ ಕೂರಿಸಿದೆ... ಕೇಳ್ತಾ ನಿಂತಿದ್ರಲ್ಲಾ ಅಮ್ಮ! ಹೇಗೆ ತಡ್ಕೊಂಡ್ರಿ? ...ಹಾಂ? ...ಏನಂದ್ರಿ? ಇನ್ನೇನೇನು ಹೇಳ್ತೀನೋ ಅಂತ ನೋಡ್ತಿದ್ರಾ.

ಸಹಿ ನಂದು.

ಬಟ್ಟೆ ಸುತ್ತಿದ್ದೂ ನನ್ನ ಬೆರಳಿಗೇ. ಹಾಳೆ ಕತ್ತರಿಸೋ ಯಂತ್ರಕ್ಕೆ ಸಿಕ್ಕಿತ್ತು ಆವತ್ತು. ದಾಖಲಾತಿ ಪುಸ್ತಕ ತೆಗೆದೆ, ತಂದೆಯ ಹೆಸರು ಇತ್ತು, ನೋಡಿ ಬರೆದೆ. ಅದರಲ್ಲಿ ಸತ್ತೋರು ಬದುಕಿರೋರು ಅಂತ ಗುರುತಿರಲ್ಲಮ್ಮ, ಹೆಸರು ಹಾಗೇ ಇರುತ್ತೆ. ಜೂನ್‌ನಲ್ಲಿ ನನ್ನ ಕೈಯಾರೆ ಬರ್ಕೊಂಡಿದ್ದು ಡಿಸೆಂಬರ್‌ನಲ್ಲಿ ನೆನಪಿಲ್ಲ. ನಂಬರ್ ನೆನಪಿತ್ತು. ಮಗು ನೆನಪಿರಲಿಲ್ಲ. ಪಟ್ಟಿ ಮೇಷ್ಟ್ರು!

ಯಾರಾದ್ರೂ ಕೇಳಿದ್ರೆ ಹೇಳೋಕಿರಲಿ ಅಂತ ಆ ಮನುಷ್ಯನನ್ನ ಕಟ್ಕೊಂಡೆ. ಹೀಗೆ ಬಂದ, ಹೀಗೆ ಕೂತ, ಇಷ್ಟು ಎತ್ತರ ಇದ್ದ. ಕಟ್ತಾ ಕಟ್ತಾ ಅವನು ನಿಜವಾಗ್ಲೂ ಬರೋಕೆ ಶುರು ಮಾಡಿದ. ನಗಬೇಡಿ... ಇಲ್ಲ, ನೀವು ನಗ್ತಿಲ್ಲ, ಗೊತ್ತು. ಫಲಿತಾಂಶ ಬಂದ ದಿನ ಎಲ್ಲರೂ ಹೊರಗೆ ಫೋಟೋ ತೆಗೆಸ್ಕೊಳ್ತಿದ್ರು. ಒಳಗೆ ಬಂದ್ರೆ ಆ ಕುರ್ಚೀಲಿ ಕೂತಿದ್ದ. ಮಗಳದ್ದು ಎಷ್ಟು ಬಂತು ಸಾರ್, ಅಂದ. ಸತ್ತೋನು ಅಂತ ನನಗೆ ಗೊತ್ತೇ ಇರಲಿಲ್ಲ ಅಮ್ಮ. ಬದುಕಿರೋನು ಅಂದ್ಕೊಂಡೇ ಅಷ್ಟು ಹೆದರಿದ್ದೆ.

ಒಂದೇ ಒಂದು ಸಲ ಮಾಡಿದ್ದು. ಆಣೆಗೂ. ಒಂದೇ ಒಂದು. ಗಣಿತದಲ್ಲಿ ಫೇಲಾದ್ರೆ ಶಾಲೆಯ ಫಲಿತಾಂಶ ಕೆಡುತ್ತೆ ಅನ್ನೋ ಭಯ, ಬುದ್ಧಿ ಕೆಟ್ಟಿತ್ತು.

ಮಗು ಯಾಕೆ ನಿಮಗೆ ಹೇಳ್ಲಿಲ್ಲ ಅಂತಾನಾ? ...ಅದನ್ನ ಕೇಳಬೇಡಿ. ...ಕೇಳ್ತೀರಿ. ಕೇಳೋ ಹಕ್ಕಿದೆ ನಿಮಗೆ. ನಾನೇ ಬೇಡ ಅಂದಿದ್ದೆ. ಕರೆದು ಹೇಳಿದೆ, "ನೋಡು ಪುಟ್ಟಾ, ಮನೇಲಿ ಈಗಲೇ ಬಾಯಿ ಬಿಡಬೇಡ, ಅಮ್ಮ ಗಾಬರಿ ಆಗ್ತಾರೆ. ನಾನೇ ಕರೆಸಿ ಸಮಾಧಾನವಾಗಿ ಹೇಳ್ತೀನಿ. ಅಲ್ಲಿವರೆಗೂ ಎಂದಿನ ಹಾಗೇ ಇರು." ಹೂಂ ಸಾರ್ ಅಂದ್ಲು. ಎಂದಿನ ಹಾಗೇ ಇದ್ಲು! ನಾನು ಕರೆಸ್ಲಿಲ್ಲ. ನಾಳೆ ಕರೆಸೋಣ, ನಾಳೆ ಕರೆಸೋಣ... ಅವಳು ಶಾಲೆ ನೋಡ್ತಾ ಕೂತಿರಲಿಲ್ಲ ತಾಯಿ. ಈ ಕಿಟಕಿ ನೋಡ್ತಾ ಕೂತಿದ್ದಳು. ಹೇಳಿದ್ರಾ ಸಾರ್, ಅಂತ.

ಹೊಡೆದುಬಿಡಿ ಬೇಕಾದ್ರೆ.

...ಏನಿದು? ಹಾಳೆ ಯಾಕೆ ನನ್ನ ಕಡೆ ತಳ್ತೀರಿ? ...ಬರೀಲಾ? ಬರೆದ್ರೆ ನನ್ನ ಕೆಲಸ ಹೋಗುತ್ತೆ ಅಮ್ಮ. ದೊಡ್ಡ ಮೇಡಂ ಕೂಡ... ಹೌದು. ಬರೆಯದಿದ್ರೆ ಅವಳ ವರ್ಷ ಹೋಗುತ್ತೆ. ಪೂರಕ ಪರೀಕ್ಷೆ ಇದೆ, ಅರ್ಜಿಗೆ ನಾಡಿದ್ದು ಕೊನೇ ದಿನ. ತಾನಾಗಿ ಬಿಟ್ಟೋರಿಗೆ ಅವಕಾಶ ಇಲ್ಲ. ಶಾಲೆಯ ತಪ್ಪಿಂದ ಹೆಸರು ಹೋಗಿತ್ತು ಅಂತ ಶಾಲೆಯವರೇ ಬರೆದುಕೊಟ್ರೆ ಕೂರಬಹುದು. ಅಲ್ಲಿಗೆ, ಅವಳೋ ನಾನೋ. ನಾಲ್ಕು ತಿಂಗಳ ಹಿಂದೇನೂ ಇದೇ ಲೆಕ್ಕ ಹಾಕಿದ್ದೆ. ಉತ್ತರ ತಪ್ಪು ಬರೆದಿದ್ದೆ.

ಕೊಡಿ. ಪೆನ್ನಲ್ಲೇ ಬರೀತೀನಿ. "ಈ ಪತ್ರ ಬರೆದವನು ನಾನು. ಸಹಿ ಮಾಡಿದವನು ನಾನು. ವಿದ್ಯಾರ್ಥಿನಿಯ ತಂದೆ ಬಂದಿರಲಿಲ್ಲ. ಅವರು ಐದು ವರ್ಷದ ಹಿಂದೆಯೇ ತೀರಿಕೊಂಡಿದ್ದರು. ತಾಯಿಗೆ ವಿಷಯ ತಿಳಿಸಲಿಲ್ಲ..." ಇಗೋ. ಹೆಸರು, ಸಹಿ, ತಾರೀಕು, ಮೊಹರು. ನಿಮ್ಮ ಕವರಿಗೇ ಹಾಕ್ಕೊಳ್ಳಿ, ಮಡಚಬೇಡಿ. ನಾಳೆ ಬೆಳಿಗ್ಗೆ ಶಿಕ್ಷಣ ಕಚೇರಿಗೆ ನಾನೇ ಬರ್ತೀನಿ. ಗಣಿತ... ಅವಳು ಒಪ್ಪಿದ್ರೆ ಯಾರಾದ್ರೂ ಬೇರೆ ಮೇಷ್ಟ್ರ ಹತ್ರ ಹೇಳಿಸ್ತೀನಿ. ನನ್ನ ಮುಖ ಅವಳಿಗೆ ಬೇಡ.

ಹೋಗಿಬನ್ನಿ ತಾಯಿ. ಅರ್ಧ ದಿನ ರಜಾ ಅಂದ್ರಿ, ಹೊತ್ತಾಯ್ತು.

...ಯಾಕೆ ಹೋಗ್ತಿಲ್ಲ? ಆಯ್ತಲ್ಲ? ಪುಸ್ತಕದಲ್ಲಿ ಇನ್ನೇನು ನೋಡ್ತಿದೀರಿ? ಅದು ಅಂಕಿಅಂಶದ ಪುಟ, ನಿಮಗೆ ಬೇಜಾರು. ...ಎಲ್ಲಿ? ...ಬೆರಳು ತೆಗೀರಿ, ಕಾಣಲಿ. ಜೂನ್‌ನಲ್ಲಿ ಹತ್ತನೇ ತರಗತಿಗೆ ಸೇರಿದವರು, ಇನ್ನೂರ ಇಪ್ಪತ್ತೈದು. ಹೌದು. ಪರೀಕ್ಷೆ ಬರೆದವರು... ಇನ್ನೂರ ಹದಿನಾಲ್ಕು. ಹೇಳಿದ್ನಲ್ಲ.

...

ಅವರು ಊರು ಬಿಟ್ಟು ಹೋಗಿರಬಹುದು. ಕಾಯಿಲೆ ಬಿದ್ದಿರಬಹುದು. ನೂರೆಂಟು ಕಾರಣ ಇರುತ್ತೆ ಅಮ್ಮ, ನಗರ ಅಂದ್ಮೇಲೆ...

ಹಾಗೆ ನೋಡಬೇಡಿ. ದಮ್ಮಯ್ಯ.

...ಹನ್ನೊಂದು. ಕಳೆದ್ರೆ ಹನ್ನೊಂದು. ನಿಮ್ಮ ಮಗಳನ್ನ ಬಿಟ್ರೆ ಹತ್ತು. ಎಲ್ಲಾ ಅಪ್ಪಂದಿರ ಸಹೀನೂ ಕೊನೇ ಅಕ್ಷರ ಸೊಟ್ಟ ಇದೆ ತಾಯಿ. ಒಂದೇ ದಿನ ಹಾಕಿದ್ದು... ಆ ಹಾಳೆ ಕಟ್ಟು ನಿಮ್ಮ ಕೈಗೆ ಹತ್ತಿರ ಇದೆ. ಇನ್ನೂ ಹತ್ತು ಕೊಡಿ.